ಗುಳುಗುಳು ನಿಂತ ಮಧ್ಯಾಹ್ನ

ದಲೀಲಾಗೆ ಭಯ ಮೊದಲು ಹತ್ತುವುದು ಕಿವಿಗೆ. ಒಲೆಯ ಮೇಲೆ ಕಡಲೆ ಬೇಯುತ್ತಿರುತ್ತದೆ, ಅವಳು ಈ ಕಡೆ ತಿರುಗಿ ಈರುಳ್ಳಿ ಹೆಚ್ಚುತ್ತಿರುತ್ತಾಳೆ. ಗ್ಯಾಸ್ ಮುಗಿದು ಪಾತ್ರೆಯ ಕುದಿ ನಿಂತಿತೆಂದರೆ ಚಾಕು ಕೈಯಿಂದ ಜಾರುತ್ತದೆ. ಇದು ಮನೆ, ಇದು ಕಡಲೆ, ಇಲ್ಲಿ ಯಾರೂ ಉಸಿರಾಡುವುದನ್ನು ಮರೆತಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಲು ಅವಳಿಗೆ ಅರೆಗಳಿಗೆ ಬೇಕು.

ಗಂಡ ರಿದಾ ಟೀವಿಯ ಮುಂದಿನಿಂದಲೇ ನಗುತ್ತಾನೆ. "ಮೂವತ್ತು ವರ್ಷ ಬಸ್ ಓಡಿಸ್ದೆ ನಾನು. ಮನೇಲಿ ಕೂತ್ಕೊಂಡು ಯಾವತ್ತಾದ್ರೂ ಬ್ರೇಕ್ ತುಳಿದಿದ್ದು ನೋಡಿದೀಯಾ?"

"ಬ್ರೇಕ್ ಹಾಗಿರ್ಲಿ, ನೀನು ಸೀಟಿಂದ ಎದ್ದಿದ್ದೇ ನೋಡಿಲ್ಲ," ಎನ್ನುತ್ತಾಳೆ ಅವಳು, ಚಾಕು ಹೆಕ್ಕಿಕೊಳ್ಳುತ್ತಾ.

ಕಡಲತೀರದ ಊರು ಮಹ್ದಿಯಾದ ಸರ್ಕಾರಿ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ತಿಂಗಳು ತುಂಬದೆ ಹುಟ್ಟಿದ ಮಕ್ಕಳ ವಾರ್ಡಿನಲ್ಲಿ, ಅವಳು ನರ್ಸಾಗಿ ಇಪ್ಪತ್ತೆಂಟು ವರ್ಷವಾಗಿತ್ತು. ಬೆಳಗಿನ ಪಾಳಿ ಏಳಕ್ಕೆ ಶುರು. ಅಷ್ಟರೊಳಗೆ ಅತ್ತೆಯ ಬೆನ್ನಿಗೆ ಎಣ್ಣೆ ಹಚ್ಚಿ, ಅವರ ಮಾತ್ರೆಗಳನ್ನು ಬಟ್ಟಲಲ್ಲಿ ಎತ್ತಿಟ್ಟು, ಮಧ್ಯಾಹ್ನದ ಸಾರಿಗೆ ಒಗ್ಗರಣೆಯೊಂದು ಬಿಟ್ಟು ಮಿಕ್ಕೆಲ್ಲ ಮುಗಿಸಿರುತ್ತಿದ್ದಳು. ಒಗ್ಗರಣೆಯನ್ನು ರಿದಾ ಹಾಕುತ್ತಿದ್ದ. ಸಂಜೆ ಬಂದವರಿಗೆಲ್ಲ, "ಇವತ್ತು ಅಡಿಗೆ ನಂದೇ," ಎಂದು ಹೇಳುತ್ತಿದ್ದ.

ವಾರ್ಡಿನಲ್ಲಿ ಹದಿನಾಲ್ಕು ಗಾಜಿನ ಪೆಟ್ಟಿಗೆಗಳು. ಒಂದೊಂದರ ಪಕ್ಕದಲ್ಲೂ ನೀರಿನ ಬಾಟಲಿ. ಮಗುವಿನ ಮೂಗಿನಲ್ಲಿ ಎರಡು ಪುಟ್ಟ ಕೊಳವೆ ಕೂರಿಸಿ, ಅಲ್ಲಿಂದ ಬಂದ ನಳಿಗೆಯ ತುದಿಯನ್ನು ಆ ನೀರಿನೊಳಗೆ ಆರು ಸೆಂಟಿಮೀಟರ್ ಮುಳುಗಿಸಿ ಇಟ್ಟಿರುತ್ತಾರೆ. ಒಂದು ಕಡೆಯಿಂದ ಗಾಳಿ ಬರುತ್ತದೆ, ಇನ್ನೊಂದು ಕಡೆ ನೀರಿನಲ್ಲಿ ಗುಳುಗುಳು ಎಂದು ಹೊರಬೀಳುತ್ತದೆ. ಆ ಸಣ್ಣ ಒತ್ತಡವೇ ಹಸಿ ಕಾಗದದ ಹಾಗೆ ಅಂಟಿಕೊಳ್ಳುವ ಶ್ವಾಸಕೋಶವನ್ನು ಅಂಟದಂತೆ ತೆರೆದಿಡುವುದು. ಉಸಿರಾಡುವುದು ಮಗುವೇ. ಬಾಟಲಿಯದು ಬಾಗಿಲು ಹಿಡಿದು ನಿಂತುಕೊಳ್ಳುವ ಕೆಲಸ ಮಾತ್ರ.

ಮೊದಲು ಹೀಗಿರಲಿಲ್ಲ. ದಲೀಲಾ ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೊಸ ವೆಂಟಿಲೇಟರ್‌ಗಳು ಬಂದಿದ್ದವು. ಸಣ್ಣ ಮಗು ಎಂದರೆ ಗಂಟಲಿಗೆ ನಳಿಗೆ ಇಳಿಸಿ, ಯಂತ್ರದಿಂದ ಗಾಳಿ ನೂಕಿ, ಪರದೆಯ ಮೇಲೆ ರಕ್ತದ ಆಮ್ಲಜನಕ ನೂರು ಎಂದು ಬರುವವರೆಗೆ ಗುಂಡಿ ತಿರುಗಿಸುವುದೇ ಪದ್ಧತಿ. ಅನೀಸ್ ಎಂಬ ಹುಡುಗನಿಗೆ ಹಾಗೆ ಮಾಡಿದ್ದು ಅವಳೇ. ಅನೀಸ್ ಬದುಕಿದ, ಎಲ್ಲರೂ ಸಿಹಿ ಹಂಚಿದರು. ಮೂರು ವರ್ಷದ ಮೇಲೆ ಶುಕ್ರವಾರದ ಸಂತೆಯಲ್ಲಿ ಅವನ ತಾಯಿ ಎದುರಾದಳು: ಸೊಂಟದ ಮೇಲೆ ಮಗು, ಹೆಗಲ ಮೇಲೆ ಆಮ್ಲಜನಕದ ಸಿಲಿಂಡರು, ಇನ್ನೊಂದು ಕೈಯಲ್ಲಿ ತರಕಾರಿ ಚೀಲ. ಹುಡುಗನ ಪಕ್ಕೆಲುಬುಗಳು ಒಂದೊಂದು ಉಸಿರಿಗೂ ಒಳಗೆ ಸೇದಿಕೊಳ್ಳುತ್ತಿದ್ದವು. ತಾಯಿ ದಲೀಲಾಳ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ನೀವು ಉಳಿಸಿಕೊಟ್ಟ ಮಗು, ಲೆಲ್ಲಾ," ಎಂದಳು, ಅಕ್ಕಾ ಎನ್ನುವ ಗೌರವದಲ್ಲಿ. ಆವತ್ತಿನ ಪದ್ಧತಿಯ ಪ್ರಕಾರ ಯಾರೂ ತಪ್ಪು ಮಾಡಿರಲಿಲ್ಲ. ದಲೀಲಾಳನ್ನು ಹೆದರಿಸಿದ್ದು ಅದೇ. ತಪ್ಪೇ ಮಾಡದೆ ಒಂದು ಎದೆಯನ್ನು ಹೀಗೆ ಹಾಳುಮಾಡಬಹುದಾದರೆ, ಇವತ್ತು ಮಾಡುತ್ತಿರುವುದರಲ್ಲಿ ಏನು ಅಡಗಿದೆಯೋ?

ಸಿಹೇಮ್ ಬಂದದ್ದು ಅಕ್ಟೋಬರಿನಲ್ಲಿ. ಇಪ್ಪತ್ಮೂರು ವರ್ಷದ ಹುಡುಗಿ. ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಜೇಬು ಕೂರಿಸುವ ಕೆಲಸ. ಗಂಡ ಲುತ್ಫಿ ಬೂತಾಯಿ ಮೀನಿನ ದೋಣಿಗೆ ಹೋಗುವವನು. ರಕ್ತದೊತ್ತಡ ಏರಿ, ಇಪ್ಪತ್ತೇಳನೆಯ ವಾರಕ್ಕೇ ಹೊಟ್ಟೆ ಕೊಯ್ದು ಮಗುವನ್ನು ತೆಗೆದಿದ್ದರು. ಹೆಣ್ಣು. ಒಂಬೈನೂರ ನಲವತ್ತು ಗ್ರಾಂ. ಕಿರಿಯ ಡಾಕ್ಟರ್ ಸ್ಕಂದರ್ ಮೊದಲ ಗಂಟೆಯಲ್ಲೇ ತೀರಾ ತೆಳುವಾದ ಕೊಳವೆಯಿಂದ ಶ್ವಾಸಕೋಶಕ್ಕೆ ಔಷಧಿ ಬಿಟ್ಟು, ತಕ್ಷಣ ಕೊಳವೆ ತೆಗೆದು, ಬಾಟಲಿಗೆ ಜೋಡಿಸಿದ್ದ. ಹುಡುಗನ ಕೈ ಹಗುರ ಎಂದು ದಲೀಲಾಗೆ ಮೆಚ್ಚುಗೆಯಾಗಿತ್ತು.

"ಇವಳು ಯಾವಾಗ ಪಾರಾದ್ಲು ಅಂತ ಗೊತ್ತಾಗತ್ತೆ?" ಎಂದು ಸಿಹೇಮ್ ಮೊದಲ ದಿನ ಗಾಲಿಕುರ್ಚಿಯಲ್ಲಿ ಕೂತೇ ಕೇಳಿದ್ದಳು.

"ಬಸಿರಿನ ಲೆಕ್ಕದಲ್ಲಿ ಮೂವತ್ತಾರ್ನೇ ವಾರ ತುಂಬೋ ದಿನ. ಆವತ್ತಿಗೆ ಮೇಲಿಂದ ಆಮ್ಲಜನಕ ಕೊಡದೆ ಬರೀ ಗಾಳೀಲಿ ಇದ್ರೆ ಎದೆ ಉಳೀತು ಅಂತ. ಇಲ್ದಿದ್ರೆ ವರ್ಷಗಟ್ಲೆ ಕಷ್ಟ."

"ಅಲ್ಲೀವರ್ಗೂ ನೀವು ಏನ್ಮಾಡ್ತೀರಾ?"

"ಆದಷ್ಟೂ ಏನೂ ಮಾಡ್ದೆ ಇರೋಕೆ ನೋಡ್ತೀವಿ ಮಗಳೇ. ಗಂಟಲಿಗೆ ನಳಿಗೆ ಹಾಕ್ದೆ, ಗಾಳಿ ನೂಕ್ದೆ, ಆಮ್ಲಜನಕ ಹೆಚ್ಚಿಸ್ದೆ. ಅದೇ ಎಲ್ಲಕ್ಕಿಂತ ಜಾಸ್ತಿ ಕೆಲ್ಸ."

ಸಿಹೇಮ್ ಬಾಟಲಿಯ ಕಡೆ ನೋಡಿದಳು. "ಈ ಗುಳುಗುಳು ಅವಳ ಕಿವಿಗೆ ಹಿಂಸೆ ಆಗಲ್ವಾ?"

"ಅಭ್ಯಾಸ ಆಗತ್ತೆ," ಎಂದಿದ್ದಳು ದಲೀಲಾ. ಅಷ್ಟೇ ಹೇಳಿದ್ದಳು. ಆಮೇಲೆ ಎಷ್ಟೋ ಸಲ ಆ ಒಂದು ಮಾತನ್ನು ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಕೊಳವೆಗಳು ಮೂಗಿನಿಂದ ಜಾರದಂತೆ ಹಿಡಿಯುವುದು ತಲೆಯ ಕುಲಾವಿ. ಎರಡು ಕಿವಿಯ ಪಕ್ಕದಲ್ಲೂ ನಳಿಗೆಯನ್ನು ಕುಲಾವಿಗೆ ಪಿನ್ನು ಹಾಕಿ ಬಿಗಿಯುತ್ತಾರೆ. ಕುಲಾವಿ ಹುಬ್ಬಿನವರೆಗೆ ಸರಿಯಾಗಿ ಕೂತಿರಬೇಕು. ಮೇಲೆ ಸರಿದರೆ ಕೊಳವೆ ಎಳೆದುಕೊಂಡು ಹೊರಬರುತ್ತದೆ. ಬಿಗಿಯಾದರೆ ಮೂಗಿನ ನಡುಗೋಡೆ ಹುಣ್ಣಾಗುತ್ತದೆ. ಆಸ್ಪತ್ರೆಗೆ ಬರುತ್ತಿದ್ದ ಕುಲಾವಿಗಳೆಲ್ಲ ದೊಡ್ಡವು. ಆದ್ದರಿಂದ ದಲೀಲಾ ಮನೆಯಲ್ಲಿ ಬಿಳಿ ಹತ್ತಿ ನೂಲಿನಲ್ಲಿ, ಕಿತ್ತಳೆ ಹಣ್ಣಿಗೆ ತೊಡಿಸಿ ಅಳತೆ ನೋಡಿ, ತಾನೇ ಹೆಣೆದು ತರುತ್ತಿದ್ದಳು. ಅದನ್ನು ಯಾರೂ ಕೆಲಸ ಎಂದು ಕರೆದಿರಲಿಲ್ಲ. "ದಲೀಲಾಗೆ ಹೆಣಿಗೆ ಅಂದ್ರೆ ಇಷ್ಟ," ಎನ್ನುತ್ತಿದ್ದರು.

ಏಳನೆಯ ದಿನ ಮಧ್ಯಾಹ್ನ ವಾರ್ಡಿನ ಬಾಗಿಲಿಗೆ ಸಿಹೇಮಳ ಅತ್ತೆ ಬಂದಳು. ತಲೆಯಿಂದ ಕಾಲಿನವರೆಗೆ ಬಿಳಿ ಸೆಫ್ಸಾರಿ ಹೊದ್ದ, ದೊಡ್ಡ ದನಿಯ ಹೆಂಗಸು, ಹೆಸರು ಮನ್ನೂಬಿಯಾ. ಒಳಗೆ ತಾಯಿಗೆ ಬಿಟ್ಟು ಬೇರೆ ಯಾರಿಗೂ ಪ್ರವೇಶವಿರಲಿಲ್ಲ. ಅವಳ ಪಕ್ಕದಲ್ಲಿ ಸಿಹೇಮ್ ಗೋಡೆಗೆ ಒರಗಿ, ಹೊಟ್ಟೆಯ ಹೊಲಿಗೆಯ ಮೇಲೆ ಕೈಯಿಟ್ಟು ನಿಂತಿದ್ದಳು.

"ನೀನೇನಾ ದಲೀಲಾ? ಸೊಸೆ ಬಾಯಲ್ಲಿ ಮೂರು ಹೊತ್ತೂ ನಿನ್ ಹೆಸ್ರೇ."

"ಹೌದು ಖಾಲ್ತಿ," ಎಂದಳು ದಲೀಲಾ, ಚಿಕ್ಕಮ್ಮನನ್ನು ಕರೆಯುವ ಹಾಗೆ. "ಬನ್ನಿ, ಕೂತ್ಕೊಳ್ಳಿ."

"ಕೂರೋಕೆ ಎಲ್ಲಿ ಪುರ್ಸೊತ್ತು? ಇವತ್ತು ಹೆಸರಿಡೋ ದಿನ. ಮನೆ ತುಂಬ ನೆಂಟ್ರು. ಮಗೂನೇ ಇಲ್ದೆ ಏಳ್ನೇ ದಿನ ಮಾಡ್ತಿದೀನಿ, ನನ್ ಕರ್ಮ ನೋಡು." ಚೀಲದಿಂದ ಒಂದು ಡಬ್ಬಿ ತೆಗೆದು ದಲೀಲಾಳ ಕೈಗಿಟ್ಟಳು. ಎಳ್ಳು, ಬೆಣ್ಣೆ, ಜೇನು ಸೇರಿಸಿ ಮಾಡಿದ, ಬಾಣಂತಿ ಮನೆಯಲ್ಲಿ ಹಂಚುವ ಜ್ರೀರ್. "ತಿನ್ನು. ಅದ್ಸರಿ, ಪರದೇಲಿ ಏನೋ ನಂಬರ್ ಬರತ್ತಂತಲ್ಲ? ನಿನ್ನೆ ತೊಂಬತ್ತೆರಡು ಅಂದ್ಲು ಇವ್ಳು. ನನ್ ತಂಗಿ ಮೊಮ್ಮಗನಿಗೆ ನೂರಿತ್ತಂತೆ. ನಮ್ ಮಗೂಗ್ಯಾಕೆ ಕಮ್ಮಿ?"

"ಇದೇನು ಪರೀಕ್ಷೆ ಮಾರ್ಕ್ಸ್ ಅಲ್ಲ ಖಾಲ್ತಿ. ಇಷ್ಟು ಸಣ್ಣ ಮಗೂಗೆ ತೊಂಬತ್ತು ತೊಂಬತ್ತೈದರ ಮಧ್ಯ ಇದ್ರೇ ಒಳ್ಳೇದು. ಮೇಲಿಂದ ಕೊಟ್ಟೂ ಕೊಟ್ಟೂ ನೂರಕ್ಕೆ ಏರಿಸಿದ್ರೆ ಎದೆ ಸುಡತ್ತೆ, ಕಣ್ಣೂ ಕೆಡತ್ತೆ."

"ಜಾಸ್ತಿ ಕೊಟ್ರೆ ಕೆಡತ್ತಂತೆ! ಸರ್ಕಾರ ಜಿಪುಣ ಆದ್ರೆ ನಿಮ್ ಕೈಲಿ ಹಿಂಗೇ ಹೇಳ್ಸೋದು." ಮನ್ನೂಬಿಯಾ ನಕ್ಕಳು. ಆಮೇಲೆ ಸೆಫ್ಸಾರಿಯ ಒಳಗಿನಿಂದ ಒಂದು ಕೆಂಪು ಉಣ್ಣೆಯ ಕುಲಾವಿ ತೆಗೆದಳು. "ಇದನ್ನ ಮಗು ತಲೆಗೆ ಹಾಕಿ ಒಂದು ಫೋಟೋ ತೆಗೆದು ಕಳ್ಸಿ. ಅಪ್ಪನ ಮನೆ ಕೆಂಪು ಕುಲಾವಿ ತಲೆ ಮೇಲೆ ಬೀಳ್ದೆ ನಮ್ಮಲ್ಲಿ ಹೆಸರು ಕೂಗಲ್ಲ. ಎಲ್ರೂ ಕಾಯ್ತಿದಾರೆ."

ಅವಳು ಮೆಟ್ಟಿಲಿಳಿದು ಹೋದ ಮೇಲೆ ದಲೀಲಾ ಸಿಹೇಮಳ ಕೈ ಹಿಡಿದು ನೋಡಿದಳು. ಬೆರಳುಗಳಿಗೆ ಎಳ್ಳಿನ ಎಣ್ಣೆ ಮೆತ್ತಿತ್ತು, ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

"ಎಳ್ಳು ಅರೆದಿದ್ದು ಯಾರು?"

"ನಾನೇ, ಲೆಲ್ಲಾ. ಅತ್ತೆಗೆ ಮಂಡಿನೋವು. ಮೂವತ್ತು ಬಟ್ಲು ತುಂಬ್ಬೇಕಿತ್ತು."

"ಹೊಟ್ಟೆ ಕೊಯ್ದು ಏಳು ದಿನ!"

"ಹಾಲು ಹಿಂಡೋದು, ಬಸ್ ಹಿಡಿಯೋದು, ಎಳ್ಳು ಅರೆಯೋದು, ಇಷ್ಟೇ ಅಲ್ವಾ? ದೋಣಿ ಏನ್ ಎಳೀತಿಲ್ವಲ್ಲ, ಅಂತಾರೆ ಅವ್ರು." ಸಿಹೇಮ್ ಕೆಂಪು ಕುಲಾವಿಯನ್ನು ಮುದುರಿ ಹಿಡಿದಿದ್ದಳು. "ಫೋಟೋ ಇಲ್ದೆ ಮನೆಗ್ ಹೋದ್ರೆ ನನ್ನ ಸುಮ್ನೆ ಬಿಡಲ್ಲ ಲೆಲ್ಲಾ. ಒಂದೇ ಒಂದು ನಿಮಿಷ."

ಬೇಡ ಎನ್ನಬೇಕಿತ್ತು. ಆದರೆ ದಲೀಲಾಗೆ ಆ ಬೊಬ್ಬೆಗಳು ಕಂಡವು. ಈ ಹುಡುಗಿ ಸಂಜೆ ಹೋಗಿ ಮೂವತ್ತು ಬಟ್ಟಲು ತೊಳೆಯುತ್ತಾ ಬೈಸಿಕೊಳ್ಳುವುದು ಕಣ್ಣಮುಂದೆ ಬಂತು. "ಬಿಳೀದರ ಮೇಲೇ ಇಡು. ಫೋಟೋ ತಗೋ, ತೆಗಿ. ಕೊಳವೆ ಮುಟ್ಬೇಡ. ನಾನು ಇಲ್ಲೇ ಇರ್ತೀನಿ."

ಪೆಟ್ಟಿಗೆಯ ಕಿಟಕಿ ತೆರೆಯುತ್ತಿದ್ದಂತೆಯೇ ಹೆರಿಗೆ ಕೋಣೆಯಿಂದ ಫೋನು ಬಂತು. ಅವಳಿ ಮಕ್ಕಳು, ಮೂವತ್ತು ವಾರ, ಈಗಲೇ ಬರುತ್ತಿವೆ. ಪಾಳಿಯಲ್ಲಿ ಇದ್ದವರು ಇಬ್ಬರೇ ನರ್ಸುಗಳು. ಇನ್ನೊಬ್ಬಳು, ಚಿಕ್ಕವಳು ವಫಾ, ಆ ತುದಿಯಲ್ಲಿ ಬೇರೊಂದು ಮಗುವಿಗೆ ಸೂಜಿ ಚುಚ್ಚುತ್ತಿದ್ದಳು. ದಲೀಲಾ ಓಡಿದಳು. ಅರ್ಧ ನಿಮಿಷ ನಿಂತು ಕುಲಾವಿ ನೋಡಿಹೋಗಬಹುದಿತ್ತು. ನಿಲ್ಲಲಿಲ್ಲ.

ನಲವತ್ತು ನಿಮಿಷದ ಮೇಲೆ, ಅವಳಿಗಳಲ್ಲಿ ಒಂದನ್ನು ಪೆಟ್ಟಿಗೆಯಲ್ಲಿಟ್ಟು ತಳ್ಳಿಕೊಂಡು ಅವಳು ಬಂದಾಗ ಅಲಾರಂ ಕೂಗುತ್ತಿತ್ತು. ಸಿಹೇಮಳ ಮಗುವಿನ ಪರದೆಯಲ್ಲಿ ಅರವತ್ತೊಂದು. ಮಗು ಬೂದಿ ಬಣ್ಣಕ್ಕೆ ತಿರುಗಿತ್ತು. ಎದೆಯ ಗೂಡು ಒಳಕ್ಕೆ ಎಳೆದುಕೊಳ್ಳುತ್ತಿತ್ತು, ಮತ್ತೆ ಸುಮ್ಮನಾಗುತ್ತಿತ್ತು. ಸ್ಕಂದರ್ ಗಾಳಿಗೆ ಬೆರೆಸುವ ಆಮ್ಲಜನಕವನ್ನು ಶೇಕಡಾ ಎಪ್ಪತ್ತಕ್ಕೆ ಏರಿಸಿ, ಗಂಟಲಿನ ನಳಿಗೆಯನ್ನು ಪೊಟ್ಟಣದಿಂದ ಬಿಡಿಸುತ್ತಿದ್ದ. ಸಿಹೇಮ್ ಗೋಡೆಗೆ ಅಂಟಿಕೊಂಡಿದ್ದಳು. ಅವಳಿ ಮಗುವಿನ ಪೆಟ್ಟಿಗೆಯನ್ನು ವಫಾ ಇಸಿದುಕೊಂಡಳು.

"ಸುಸ್ತಾಗ್ಬಿಟ್ಟಿದಾಳೆ," ಎಂದ ಸ್ಕಂದರ್, ತಲೆ ಎತ್ತದೆ. "ಸೋಂಕು ಇರ್ಬೇಕು. ನಳಿಗೆ ಹಾಕ್ತೀನಿ. ವೆಂಟಿಲೇಟರ್ ರೆಡಿ ಮಾಡಿ ಲೆಲ್ಲಾ."

ದಲೀಲಾಳ ಕಾಲು ವೆಂಟಿಲೇಟರಿನ ಕಡೆ ಎರಡು ಹೆಜ್ಜೆ ಇಟ್ಟಿತು. ಅಲ್ಲಿ ನಿಂತಿತು. ಏನೋ ಒಂದು ಇಲ್ಲ. ಅಲಾರಮಿನ ಗದ್ದಲದ ಕೆಳಗೆ, ಇರಬೇಕಾದ್ದು ಇರಲಿಲ್ಲ. ಅವಳು ಬಾಟಲಿ ನೋಡಿದಳು. ನೀರು ಕನ್ನಡಿಯ ಹಾಗೆ ಅಲುಗಾಡದೆ ನಿಂತಿತ್ತು.

"ಡಾಕ್ಟರ್, ನಿಲ್ಸಿ. ಗುಳ್ಳೆ ಬರ್ತಿಲ್ಲ, ಗಾಳಿ ಎಲ್ಲೋ ಸೋರ್ತಿದೆ."

"ನೂರೈವತ್ತು ಇರ್ಬೇಕಾದ ಹೃದಯದ ಬಡಿತ ತೊಂಬತ್ತಕ್ಕೆ ಇಳಿದಿದೆ. ಟೈಮಿಲ್ಲ."

"ಎರಡು ನಿಮಿಷ ಕೊಡಿ."

"ಎರಡು ನಿಮಿಷದಲ್ಲಿ ಹೋಗ್ಬಿಟ್ರೆ?"

ಅವನು ಹೇಳಿದ್ದು ಸುಳ್ಳಲ್ಲ. ನಿಜವಾಗಿ ಸೋಂಕೇ ಆಗಿದ್ದರೆ, ಅವಳು ಕೇಳಿದ ಎರಡು ನಿಮಿಷ ಈ ಮಗುವನ್ನು ಕೊಲ್ಲುತ್ತದೆ, ಮತ್ತು ಕೊಂದವಳು ಅವಳೇ ಆಗುತ್ತಾಳೆ. ನಳಿಗೆ ಇಳಿಸಿದರೆ ಮಗು ಈಗ ಬದುಕುತ್ತದೆ. ಆಮೇಲೆ ಯಂತ್ರ ಒಂದು ದಿನವೋ ಒಂದು ವಾರವೋ ಗಾಳಿ ನೂಕಿ ನೂಕಿ ಎದೆಯನ್ನು ಗಾಯಮಾಡುತ್ತದೆ, ಮೂವತ್ತಾರನೆಯ ವಾರಕ್ಕೆ ಉಳಿಯಬೇಕಾದ್ದು ಉಳಿಯುವುದಿಲ್ಲ. "ನೀವು ಮಾಸ್ಕ್ ಹಿಡ್ಕೊಂಡು ನಿಂತಿರಿ," ಎಂದಳು. "ಐವತ್ತಕ್ಕೆ ಇಳಿದ್ರೆ ನನ್ನ ಪಕ್ಕಕ್ಕೆ ತಳ್ಳಿ."

ಕೈಗಳು ಕಿಟಕಿಯೊಳಗೆ ಹೋದವು. ಬೆರಳುಗಳು ದಾರಿ ಬಲ್ಲವು. ಬಾಟಲಿಯಿಂದ ಹಿಂದಕ್ಕೆ ನಳಿಗೆಯನ್ನು ಹಿಡಿದು ಬಂದಳು. ಎಲ್ಲೂ ಮಡಿಚಿಲ್ಲ. ನೀರು ತುಂಬಿಲ್ಲ. ಕುಲಾವಿ ಹಣೆಯ ಮೇಲಕ್ಕೆ ಸರಿದು, ಒಂದು ಕಿವಿ ಪೂರ್ತಿ ಹೊರಗೆ ಬಂದಿತ್ತು. ಬಲಗಡೆಯ ಕೊಳವೆ ಮೂಗಿನಿಂದ ಆಚೆ, ಕೆನ್ನೆಯ ಮೇಲೆ. ಎಡಗಡೆಯದು ತಿರುಚಿ ನಡುಗೋಡೆಯನ್ನು ಒತ್ತುತ್ತಿತ್ತು. ಪಿನ್ನಿನ ತುದಿಯಲ್ಲಿ ಒಂದೆಳೆ ಕೆಂಪು ಉಣ್ಣೆ.

ಪಿನ್ನು ಬಿಚ್ಚಿದಳು. ಕುಲಾವಿಯನ್ನು ಹುಬ್ಬಿನವರೆಗೆ ಎಳೆದಳು. ಮೂಗಿನೊಳಗಿನ ಸಿಂಬಳವನ್ನು ಹೀರುಕೊಳವೆಯಿಂದ ತೆಗೆದು, ಎರಡೂ ಕೊಳವೆಯನ್ನು ತೇವ ಮಾಡಿ ಮತ್ತೆ ಕೂರಿಸಿದಳು, ಮೂಗಿಗೆ ಒತ್ತದಂತೆ ಕೂದಲೆಳೆಯಷ್ಟು ಜಾಗ ಬಿಟ್ಟು. ಕತ್ತಿನ ಕೆಳಗೆ ಬಟ್ಟೆಯ ಸುರುಳಿ. ಬಾಯಿ ತೆರೆದುಕೊಂಡಿತ್ತು; ಗಾಳಿ ಅಲ್ಲಿಂದ ಸೋರದಂತೆ ಗಲ್ಲವನ್ನು ಒಂದು ಬೆರಳಿನಿಂದ ಮೆಲ್ಲಗೆ ಎತ್ತಿ ಹಿಡಿದಳು.

ಐವತ್ತಾರು.

"ಲೆಲ್ಲಾ," ಎಂದ ಸ್ಕಂದರ್. ಮಾಸ್ಕನ್ನು ಇನ್ನಷ್ಟು ಹತ್ತಿರ ತಂದ.

ಬಾಟಲಿಯಲ್ಲಿ ಒಂದು ಗುಳ್ಳೆ ಎದ್ದಿತು. ಆಮೇಲೆ ಏನೂ ಇಲ್ಲ. ಅವಳು ಬೆರಳನ್ನು ಗಲ್ಲದ ಕೆಳಗೆ ಒಂದು ಕೂದಲಷ್ಟು ಸರಿಸಿದಳು. ಮತ್ತೊಂದು ಗುಳ್ಳೆ. ಮೂರು, ನಾಲ್ಕು, ಆಮೇಲೆ ಎಡೆಬಿಡದೆ. ಪರದೆಯ ಸಂಖ್ಯೆಗೆ ಅದು ಗೊತ್ತೇ ಇಲ್ಲದ ಹಾಗೆ ಐವತ್ತೆಂಟು, ಐವತ್ತೇಳು ಎಂದು ಆಡುತ್ತಿತ್ತು. ಅವಳು ಇನ್ನೊಂದು ಕೈಯಿಂದ ಮಗುವಿನ ಅಂಗಾಲನ್ನು ಸವರಿದಳು. "ಉಸಿರಾಡು," ಎಂದಳು, ತನಗೂ ಕೇಳಿಸದ ಹಾಗೆ. ಮಗು ಮುಖ ಕಿವುಚಿತು. ಅರವತ್ತಾರು. ಎಪ್ಪತ್ತನಾಲ್ಕು. ಎಂಬತ್ತೆಂಟು.

ಸ್ಕಂದರ್ ಮಾಸ್ಕ್ ಕೆಳಗಿಟ್ಟ. ತೊಂಬತ್ತೇಳು ಬಂದಾಗ, "ಅಬ್ಬಾ, ಗೆದ್ವಿ," ಎಂದ.

"ಇಳ್ಸಿ," ಎಂದಳು ದಲೀಲಾ.

"ಏನು?"

"ಆಮ್ಲಜನಕ. ಎಪ್ಪತ್ತರಲ್ಲೇ ಇದೆ. ಇಳ್ಸಿ, ಇಳ್ಸಿ. ಈಗ ಹೆದರ್ಬೇಕಾದ್ದು ಇದಕ್ಕೆ."

ಅವನು ಗುಂಡಿ ತಿರುಗಿಸಿದ. ಐವತ್ತು, ನಲವತ್ತು, ಮೂವತ್ತು. ಇಪ್ಪತ್ತಾರಕ್ಕೆ ತಂದು ನಿಲ್ಲಿಸಿದಾಗ ಪರದೆಯಲ್ಲಿ ತೊಂಬತ್ಮೂರು ನಿಂತಿತ್ತು. ಆಮೇಲೆ ಅವನು ಕೇಳಿದ: "ಈ ಕುಲಾವಿ ಮುಟ್ಟಿದ್ಯಾರು?"

ಸಿಹೇಮಳ ಅಂಗಿಯ ಕತ್ತಿನಿಂದ ಕೆಂಪು ಉಣ್ಣೆಯ ಅಂಚು ಇಣುಕುತ್ತಿತ್ತು.

"ನಾನು ಬಿಟ್ಟೆ," ಎಂದಳು ದಲೀಲಾ. "ಫೋಟೋಗೆ ಅಂತ ನಾನೇ ಬಿಟ್ಟೆ. ನೋಡ್ದೆ ಹೋದವಳೂ ನಾನೇ."

"ಕೆಂಪು ಕುಲಾವಿ ತೆಗೀವಾಗ ಪಿನ್ನಿಗೆ ಸಿಕ್ಕಿತು," ಎಂದಳು ಸಿಹೇಮ್. "ಬಿಡಿಸ್ದೆ. ಬಿಳೀದನ್ನ ಕೆಳಗೆ ಎಳ್ದೆ, ಮತ್ತೆ ಮೇಲಕ್ಕೇ ಸರೀತು. ಆಮೇಲೆ ಸದ್ದು ನಿಂತೋಯ್ತು. ನಾನು... ಮಗೂಗೆ ಹಿಂಸೆ ತಪ್ತು, ನೆಮ್ಮದಿಯಾಗಿ ನಿದ್ದೆ ಮಾಡ್ತಿದಾಳೆ ಅಂದ್ಕೊಂಡೆ. ಪಕ್ಕದಲ್ಲಿ ಕೂತು ಹಾಡ್ತಿದ್ದೆ ಲೆಲ್ಲಾ. ಅವಳು ಸಾಯ್ತಿದ್ಲು, ನಾನು ಹಾಡ್ತಿದ್ದೆ."

ದಲೀಲಾ ಬಟ್ಟೆ ಕೋಣೆಗೆ ಹೋಗಿ ಹಾಸುಗಳ ಗಂಟಿನ ಮೇಲೆ ಕೂತಳು. ಅವಳಿಗಳಲ್ಲಿ ಎರಡನೆಯದು ಬಂತೆಂದು ವಫಾ ಕರೆಯುವವರೆಗೆ ಎದ್ದಿರಲಿಲ್ಲ.

ಮಾರನೆಯ ದಿನ ವಾರ್ಡಿನ ಮುಖ್ಯಸ್ಥೆ ಡಾಕ್ಟರ್ ಫಾಯ್ಜಾ ಎಲ್ಲರನ್ನೂ ಕರೆದರು. ದಲೀಲಾಗೆ ಎಚ್ಚರಿಕೆಯ ಪತ್ರ, ಇಪ್ಪತ್ತೆಂಟು ವರ್ಷದಲ್ಲಿ ಮೊದಲನೆಯದು. ಅವಳು ಸಹಿ ಹಾಕಿದಳು. ಆಮೇಲೆ ಫಾಯ್ಜಾ, "ಇನ್ಮೇಲೆ ತಾಯಂದಿರಿಗೆ ದಿನಕ್ಕೆ ಒಂದೇ ಗಂಟೆ. ಪೆಟ್ಟಿಗೆ ಮುಟ್ಟೋ ಹಾಗಿಲ್ಲ," ಎಂದರು.

"ಮೇಡಂ, ಒಂದ್ಮಾತು," ಎಂದಳು ದಲೀಲಾ. ಪತ್ರ ಇನ್ನೂ ಕೈಯಲ್ಲಿತ್ತು. "ಹದಿನಾಲ್ಕು ಬಾಟ್ಲಿಗೆ ನಾವು ಇಬ್ರು. ಗುಳ್ಳೆ ನಿಂತ್ರೆ ಕೂಗೋ ಅಲಾರಂ ಯಾವುದೂ ಇಲ್ಲ, ಪರದೆ ಕೂಗೋದು ಮಗು ಇಳಿದ ಮೇಲೇನೇ. ಆ ಹುಡುಗಿ ನಲವತ್ತು ನಿಮಿಷ ಬಾಟ್ಲಿ ಪಕ್ಕದಲ್ಲೇ ಕೂತಿದ್ಲು. ನಿಲ್ಲಬಾರ್ದು ಅಂತ ಒಂದ್ಮಾತು ನಾನು ಹೇಳಿದ್ರೆ ಕೂಗ್ತಿದ್ಲು. ನಾನು ಹೇಳಿರ್ಲಿಲ್ಲ. ಅವ್ರನ್ನ ಆಚೆ ಹಾಕ್ಬೇಡಿ, ಕಲಿಸೋಣ."

"ಸರಿಹೋಯ್ತು," ಎಂದಳು ವಫಾ. "ಮನೇಲಿ ಅಡಿಗೆ, ಇಲ್ಲಿ ಹಾಲು ಹಿಂಡೋದು, ಈಗ ನರ್ಸ್ ಕೆಲ್ಸಾನೂ ಬಿಟ್ಟಿ ಮಾಡ್ಲಿ ಅವ್ರು. ಸರ್ಕಾರಕ್ಕೆ ಇನ್ನೇನ್ ಬೇಕು?"

"ನೀನು ಹೇಳೋದು ನಿಜ ವಫಾ," ಎಂದಳು ದಲೀಲಾ. "ಮೂರನೇ ನರ್ಸ್ ಬೇಕು ಅಂತ ಇವತ್ತೇ ಬರೆಯೋಣ, ನಾನೂ ಸಹಿ ಹಾಕ್ತೀನಿ. ಆದ್ರೆ ಅವ್ಳು ಬರೋವರ್ಗೂ ಮಕ್ಕಳು ಕಾಯಲ್ಲ."

ಫಾಯ್ಜಾ ಒಂದು ತಿಂಗಳು ನೋಡೋಣ ಎಂದರು. ಮೂರನೆಯ ನರ್ಸ್ ಕೇಳಿ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ.

ದಲೀಲಾ ತಾಯಂದಿರನ್ನು ಕೂರಿಸಿಕೊಂಡು ಬಾಟಲಿ ತೋರಿಸಿದಳು. ಕುಲಾವಿ ಎಲ್ಲಿ ಕೂರಬೇಕು, ಮೂಗಿಗೂ ಕೊಳವೆಗೂ ನಡುವೆ ಎಷ್ಟು ಜಾಗ, ಗಲ್ಲ ಹೇಗೆ ಎತ್ತಬೇಕು. "ಸದ್ದು ನಿಂತ್ರೆ ನಾಚ್ಕೋಬೇಡಿ. ನಾನು ಪ್ರಧಾನಿ ಜೊತೆ ಮಾತಾಡ್ತಿದ್ರೂ ಕೂಗಿ." ಮೊದಮೊದಲು ಅವರು ಸುಮ್ಮಸುಮ್ಮನೆ ಕೂಗುತ್ತಿದ್ದರು. ಆಮೇಲೆ ಅವರ ಕಿವಿಗೂ ದಲೀಲಾಳ ಕಿವಿಯ ರೋಗ ಹತ್ತಿತು. ನವೆಂಬರಿನಲ್ಲಿ ಒಂದು ಬೆಳಿಗ್ಗೆ ಸಿಹೇಮ್ ತನ್ನ ಮಗುವಿಗೆ ಬೆನ್ನು ಮಾಡಿ ಕೂತಿದ್ದವಳು, ಮೂರನೆಯ ಪೆಟ್ಟಿಗೆಯ ಬಾಟಲಿ ನಿಂತಿದೆ ಎಂದು ತಿರುಗದೆಯೇ ಹೇಳಿದಳು. ನಿಂತಿತ್ತು.

ಆದರೂ ದಲೀಲಾಳ ಭಯ ಕಡಿಮೆಯಾಗಲಿಲ್ಲ. ಐವತ್ತಾರಕ್ಕೆ ಇಳಿದ ಆ ಎರಡು ನಿಮಿಷ, ಎಪ್ಪತ್ತರ ಆಮ್ಲಜನಕ, ಅಷ್ಟರಲ್ಲೇ ಒಳಗೆ ಏನಾಗಿದೆಯೋ ಯಾರಿಗೆ ಗೊತ್ತು? ಮಗುವಿಗೆ ರಿತಾಜ್ ಎಂದು ಹೆಸರಾಗಿತ್ತು. ತೂಕ ಏರಿತು. ಒಂದೂವರೆ ಕಿಲೋ ದಾಟಿತು. ಮೂವತ್ನಾಲ್ಕನೆಯ ವಾರಕ್ಕೆ ಬಾಟಲಿ ತೆಗೆದು ಮೂಗಿಗೆ ಸಣ್ಣ ನಳಿಗೆಯಲ್ಲಿ ಚೂರು ಆಮ್ಲಜನಕ ಮಾತ್ರ ಬಿಟ್ಟಿದ್ದರು. ಅದನ್ನು ತೆಗೆಯಲು ಎರಡು ಸಲ ನೋಡಿದರು, ಎರಡು ಸಲವೂ ಎಂಬತ್ತೈದಕ್ಕೆ ಇಳಿಯಿತು. ಆ ಎರಡು ಸಂಜೆಯೂ ದಲೀಲಾ ಪಾತ್ರೆಗಳನ್ನು ಹಾಗೇ ಬಿಟ್ಟು ಮಲಗಿದಳು. ರಿದಾ ಟೀವಿ ಆರಿಸಿ, ಎದ್ದು ಬಂದು, ಪಾತ್ರೆ ತೊಳೆದ. ಅದನ್ನು ಯಾರಿಗೂ ಹೇಳಿಕೊಳ್ಳಲೂ ಇಲ್ಲ.

ಮೂವತ್ತಾರು ವಾರ ತುಂಬಿದ್ದು ಡಿಸೆಂಬರಿನ ಒಂದು ಬುಧವಾರ. ಸ್ಕಂದರ್ ಬೆಳಿಗ್ಗೆ ಹತ್ತಕ್ಕೆ ಬಂದು, "ಒಂದು ಗಂಟೆ. ತೊಂಬತ್ತಕ್ಕಿಂತ ಕೆಳಗೆ ಇಳಿದು ನಿಂತ್ರೆ ವಾಪಸ್ ಹಾಕ್ತೀವಿ," ಎಂದು ನಳಿಗೆ ತೆಗೆದ. ಮೂಗಿನ ಕೆಳಗೆ ಅಂಟುಪಟ್ಟಿಯ ಕೆಂಪು ಗುರುತು ಉಳಿದಿತ್ತು. ಸಿಹೇಮ್ ಮಗುವನ್ನು ಎದೆಗೆ ಹಚ್ಚಿ ಕುರ್ಚಿಯಲ್ಲಿ ಕೂತಳು. ದಲೀಲಾ ಪರದೆಯ ಪಕ್ಕ ನಿಂತಳು, ಅವಳಿಗೆ ಇನ್ನೂ ಆರು ಮಕ್ಕಳ ಕೆಲಸವಿದ್ದರೂ.

ತೊಂಬತ್ನಾಲ್ಕು. ತೊಂಬತ್ತೆರಡು. ಇಪ್ಪತ್ತನೆಯ ನಿಮಿಷಕ್ಕೆ ತೊಂಬತ್ತು. ಎಂಬತ್ತೊಂಬತ್ತು. ಸ್ಕಂದರನ ಕೈ ನಳಿಗೆಯ ಕಡೆ ಹೋಯಿತು, ಹಿಡಿಯಿತು, ಕಾಯಿತು.

"ಏನು, ಹೇಳಿ," ಎಂದಳು ಸಿಹೇಮ್. ಅವಳು ಪರದೆಗೆ ಬೆನ್ನು ಮಾಡಿ ಕೂತಿದ್ದಳು.

"ನೀನು ಅವಳನ್ನ ನೋಡು," ಎಂದಳು ದಲೀಲಾ. "ತಲೆ ಸ್ವಲ್ಪ ಮೇಲೆ. ಕತ್ತು ಮಡಿಸ್ಬೇಡ. ಹಾಂ."

ತೊಂಬತ್ತೊಂದು. ಅಲ್ಲಿಂದ ಒಂದು ಗಂಟೆ ಮುಗಿಯುವವರೆಗೆ ತೊಂಬತ್ತೊಂದು, ತೊಂಬತ್ಮೂರು, ತೊಂಬತ್ತೊಂದು. ಹನ್ನೊಂದು ಗಂಟೆಗೆ ಸ್ಕಂದರ್ ನಳಿಗೆಯನ್ನು ಸುತ್ತಿ ಕಸದ ಬುಟ್ಟಿಗೆ ಹಾಕಿದ. ದಲೀಲಾ ಇನ್ನೊಂದು ಗಂಟೆ ಅಲ್ಲೇ ನಿಂತಿದ್ದಳು. ನಂಬಲು ಅವಳಿಗೆ ಎರಡು ದಿನ ಹಿಡಿಯಿತು.

ಮನೆಗೆ ಕಳಿಸುವ ದಿನ ಕಡಲ ಕಡೆಯಿಂದ ಚಳಿಗಾಳಿ ಬೀಸುತ್ತಿತ್ತು. ವಾರ್ಡಿನ ಬಾಗಿಲಲ್ಲಿ ಮನ್ನೂಬಿಯಾ, ಲುತ್ಫಿ, ಮಧ್ಯೆ ಮಗುವನ್ನು ಅಪ್ಪಿಕೊಂಡ ಸಿಹೇಮ್. ದಲೀಲಾ ಹೇಳುತ್ತಾ ಹೋದಳು. "ಎದೆ ಉಳಿದಿದೆ, ಆದ್ರೆ ಇನ್ನೂ ಎಳೇದು. ಮಗು ಇರೋ ಕೋಣೇಲಿ ಇದ್ದಿಲ ಒಲೆ ಇಡೋ ಹಾಗಿಲ್ಲ. ಧೂಪ ಹಾಕೋ ಹಾಗಿಲ್ಲ. ಕೆಮ್ಮಿರೋ ನೆಂಟ್ರು ಬರೋ ಹಾಗಿಲ್ಲ. ಬೀಡಿ ಸಿಗರೇಟು ಮನೆ ಒಳಗೇ ಬೇಡ."

"ಹಾಗಾದ್ರೆ ನಾನೆಲ್ಲಿ ಸೇದ್ಲಿ?" ಎಂದ ಲುತ್ಫಿ.

"ದೋಣೀಲಿ."

"ನೋಡಮ್ಮ, ಧೂಪ ಹಾಕ್ಬೇಡ ಅಂದ್ರೆ ಸರಿ," ಎಂದಳು ಮನ್ನೂಬಿಯಾ. "ಈ ಚಳೀಲಿ ಸಮುದ್ರದಿಂದ ಬಂದ ಗಂಡ್ಸನ್ನ ಅಂಗಳದಲ್ಲಿ ನಿಲ್ಸೋದಾ? ನ್ಯುಮೋನಿಯಾ ಬಂದ್ರೆ ಯಾರ್ ನೋಡ್ತಾರ್ ಅವನ್ನ?"

"ನಾನೇ ನೋಡ್ತೀನಿ ಅತ್ತೆ," ಎಂದಳು ಸಿಹೇಮ್. "ಅದೂ ನಂದೇ ಕೆಲ್ಸ ಅಲ್ವಾ? ಆದ್ರೆ ಅಂಗಳದಲ್ಲೇ ನಿಲ್ತಾರೆ."

ಮನ್ನೂಬಿಯಾ ಬಾಯಿ ತೆರೆದಳು, ಲುತ್ಫಿ ಕೆಮ್ಮಿದ. ಮೂವರೂ ಮೆಟ್ಟಿಲಿಳಿದು ಹೋದರು.

ದಲೀಲಾ ಕಿಟಕಿಗೆ ಬಂದು ನಿಂತಳು. ಕೆಳಗೆ ಬಾಡಿಗೆ ಕಾರು ಕಾಯುತ್ತಿತ್ತು. ಡ್ರೈವರ್ ಗಾಜು ಏರಿಸಿ ಒಳಗೇ ಸಿಗರೇಟು ಸೇದುತ್ತಿದ್ದ. ಕಾರಿನೊಳಗೆ ಹೊಗೆ ನೀಲಿಯಾಗಿ ಸುತ್ತುತ್ತಿದ್ದುದು ಮೂರನೆಯ ಮಹಡಿಗೂ ಕಾಣುತ್ತಿತ್ತು. ಮನ್ನೂಬಿಯಾ ಹತ್ತಿ ಕೂತಳು. ದಲೀಲಾಳ ಕೈ ಕಿಟಕಿಯ ಕಂಬಿಯನ್ನು ಬಿಗಿಯಾಗಿ ಹಿಡಿಯಿತು. ಕೂಗಿದರೂ ಕೇಳಿಸದು. ಇಳಿದು ಓಡಿದರೆ ಆವತ್ತು ತನ್ನ ಪಾಲಿಗಿದ್ದ ಎರಡು ಬಾಟಲಿಗಳನ್ನು ಬಿಟ್ಟು ಹೋದ ಹಾಗೆ.

ಸಿಹೇಮ್ ಕಾರಿನ ಬಾಗಿಲಲ್ಲಿ ತಲೆ ಬಗ್ಗಿಸಿದವಳು ಹಿಂದಕ್ಕೆ ಸರಿದಳು. ಏನೋ ಹೇಳಿದಳು. ಡ್ರೈವರ್ ಕೈ ಆಡಿಸಿ ನಕ್ಕ. ಅವಳು ಮತ್ತೆ ಹೇಳಿದಳು. ಮನ್ನೂಬಿಯಾ ಒಳಗಿನಿಂದ ಕೈ ಚಾಚಿ ಅವಳ ತೋಳು ಎಳೆದಳು. ಸಿಹೇಮ್ ತೋಳು ಬಿಡಿಸಿಕೊಂಡಳು, ಕೋಟಿನ ಒಳಗೆ ಮಗುವನ್ನು ಇನ್ನಷ್ಟು ಒಳಕ್ಕೆ ಹಾಕಿಕೊಂಡು, ಗಾಳಿಗೆ ಬೆನ್ನು ಮಾಡಿ ಗೋಡೆಯ ಮರೆಗೆ ಹೋಗಿ ನಿಂತಳು. ಡ್ರೈವರ್ ಸಿಗರೇಟು ಎಸೆದ. ಅವಳು ಅಲ್ಲಿಂದ ಕದಲಲಿಲ್ಲ. ಲುತ್ಫಿ ಒಂದು ಗಳಿಗೆ ಹೆಂಡತಿಯನ್ನೂ ತಾಯಿಯನ್ನೂ ನೋಡಿದ. ಆಮೇಲೆ ಕಾರನ್ನು ಸುತ್ತಿ ಬಂದು ಒಂದೊಂದಾಗಿ ನಾಲ್ಕೂ ಬಾಗಿಲು ತೆರೆದಿಟ್ಟ. ಮನ್ನೂಬಿಯಾ ಸೆಫ್ಸಾರಿಯನ್ನು ಮೂಗಿನವರೆಗೆ ಎಳೆದುಕೊಂಡು ಗಾಳಿಯಲ್ಲಿ ನಡುಗುತ್ತಾ ಕೂತಳು. ಹೊಗೆ ಪೂರ್ತಿ ಹೋಗಿದೆಯೇ ಎಂದು ಸಿಹೇಮ್ ಹತ್ತಿರ ಬಂದು ಮೂಸಿ ನೋಡಿದಳು, ಇನ್ನೂ ಹೋಗಿಲ್ಲವೆಂದು ತಲೆಯಾಡಿಸಿ, ಮತ್ತೆ ಗೋಡೆಯ ಮರೆಗೆ ಹೋದಳು.